ನಕ್ಕರೂ ಅನುಮಾನ: ಬೈಪೋಲಾರ್ ಇರುವವರಿಗೆ ‘ನಾನು’ ಅಂದರೆ ಯಾರು?

ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಏರಿ (ಮೇನಿಯಾ), ಇನ್ನು ಕೆಲವು ಕಾಲ ತೀರಾ ಕುಸಿಯುವ (ಡಿಪ್ರೆಶನ್) ಕಾಯಿಲೆ. ಅದು ಇರುವವರಿಗೆ ಮನೆಯವರ ಮುಂದೆ ಜೋರಾಗಿ ನಗುವುದೂ ಕಷ್ಟ. ಮದುವೆ ಊಟದ ಪಂಕ್ತಿ ಅಂದುಕೊಳ್ಳಿ. ಚಿಕ್ಕಪ್ಪನ ಮಕ್ಕಳ ಜೊತೆ ಹಳೇ ಕಥೆ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿರುವಾಗ, ಹೋಳಿಗೆ ಬಡಿಸುತ್ತಿದ್ದ ಅಮ್ಮ ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಕೇಳುತ್ತಾರೆ: “ಮಾತ್ರೆ ತಗೊಂಡ್ಯಾ?” ಅಷ್ಟೇ. ಕೇಳಿದ್ದು ಪ್ರೀತಿಯಿಂದಲೇ. ಹಿಂದೊಮ್ಮೆ ಇಂಥದೇ ನಗು ದಿನಗಟ್ಟಲೆ ನಿದ್ದೆಯಿಲ್ಲದೆ ಮುಂದುವರಿದು, ಬ್ಯಾಂಕ್ ಖಾತೆ ಖಾಲಿಯಾಗಿ, ಕೊನೆಗೆ ಆಸ್ಪತ್ರೆ ವಾರ್ಡಿನಲ್ಲಿ ನಿಂತಿದ್ದನ್ನು ಅವರು ನೋಡಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಆ ಮಾತು ಕೇಳಿಸಿಕೊಂಡವರ ತಲೆಯಲ್ಲಿ ಬೇರೆಯದೇ ಪ್ರಶ್ನೆ ಶುರುವಾಗುತ್ತದೆ. ಈಗ ನಕ್ಕಿದ್ದು ನಾನಾ, ಕಾಯಿಲೆಯಾ?

ಸಿಟ್ಟು ಬಂದರೂ ಇದೇ ಪಾಡು. ಆಫೀಸಿನಲ್ಲಿ ನ್ಯಾಯವಾಗಿಯೇ ರೇಗಿದರೂ ‘ಮತ್ತೆ ಜಾಸ್ತಿ ಆಗ್ತಿದೆಯೇನೋ’ ಅಂತಾರೆ. ಭಾನುವಾರ ಸುಮ್ನೆ ಹೊದ್ದು ಮಲಗಿದರೆ ‘ಡಲ್ ಆಗ್ತಿದ್ದಾನೇನೋ’ ಅಂತಾರೆ. ಬೇರೆಯವರಿಗೆಲ್ಲ ಸ್ವಭಾವ ಇರುತ್ತದೆ, ಇವರಿಗೆ ಬರೀ ರೋಗಲಕ್ಷಣ. ಬೇರೆಯವರ ಅನುಮಾನವನ್ನಾದರೂ ತಡೆದುಕೊಳ್ಳಬಹುದು. ಸ್ವಲ್ಪ ಕಾಲಕ್ಕೆ ತಮ್ಮನ್ನು ತಾವೇ ಹೀಗೆ ಕಾವಲು ಕಾಯುವುದು ಅಭ್ಯಾಸವಾಗಿಬಿಡುತ್ತದೆ. ಸುಸ್ತು ಮಾಡುವುದು ಅದು.

ಮೊದಲೇ ಒಂದು ಮಾತು. ಬೆಳಿಗ್ಗೆ ಖುಷಿಯಾಗಿದ್ದು ಸಂಜೆ ಹೊತ್ತಿಗೆ ತಲೆಕೆಟ್ಟರೆ ‘ನಾನು ಸ್ವಲ್ಪ ಬೈಪೋಲಾರ್ ಕಣೋ’ ಅನ್ನುವುದು ಈಗ ಫ್ಯಾಷನ್ ಆಗಿದೆ. ಅದು ಬೈಪೋಲಾರ್ ಅಲ್ಲ, ಬೆಂಗಳೂರು ಟ್ರಾಫಿಕ್. ಮೇನಿಯಾ ಅನ್ನಬೇಕಾದರೆ ಏರಿದ ಮನಸ್ಸು ಸಾಮಾನ್ಯವಾಗಿ ಕನಿಷ್ಠ 7 ದಿನ ಹಾಗೇ ನಿಲ್ಲಬೇಕು. ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು, ಸಾಲ ಮಾಡಿಯಾದರೂ ಖರ್ಚು. ಇದರ ಸೌಮ್ಯ ರೂಪ ಹೈಪೋಮೇನಿಯಾ. ಅದಕ್ಕೆ 4 ದಿನ ಸಾಕು. ಡಿಪ್ರೆಶನ್ ಅನ್ನಲು 2 ವಾರ ಬೇಕು. ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಎಲ್ಲ ಸರಿಯಾಗಿಯೇ ಇರಬಹುದು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ಅವರಲ್ಲಿ ನೂರಕ್ಕೆ 70ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ನಿಮ್ಮ ಬೀದಿಯಲ್ಲೂ ಒಬ್ಬರು ಇರಬಹುದು, ಅಲ್ವಾ?

ಈ ಕಾಯಿಲೆ ‘ನಾನು’ ಅನ್ನುವುದರ ಬುಡಕ್ಕೇ ಕೈಹಾಕಲು ಒಂದು ಕಾರಣ ಅದು ಬರುವ ವಯಸ್ಸು. ಹೆಚ್ಚಿನವರಿಗೆ ಶುರುವಾಗುವುದು ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ಪಿಯುಸಿ ಮುಗಿದು ಯಾವ ಕೋರ್ಸು, ಯಾವ ಊರು, ಯಾರ ಮೇಲೆ ಪ್ರೀತಿ ಅಂತೆಲ್ಲ ತೀರ್ಮಾನ ಆಗುವ ಕಾಲ ಅದು. ಬೇರೆ ಮಕ್ಕಳು ತಾವು ಎಂಥವರು ಅಂತ ಒಂದು ಅಂದಾಜಿಗೆ ಬರುತ್ತಿರುವಾಗ ಇವರಿಗೆ ಒಂದು ಸೆಮಿಸ್ಟರ್ ತಾನೇ ರ‍್ಯಾಂಕ್ ಬರುವವನು ಅನಿಸುತ್ತದೆ, ಮುಂದಿನ ಸೆಮಿಸ್ಟರ್ ಹಾಸಿಗೆಯಿಂದ ಏಳಲು ಆಗುವುದಿಲ್ಲ. 2008ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಬೈಪೋಲಾರ್ ಇರುವ 15 ಜನರನ್ನು ಕೂರಿಸಿಕೊಂಡು ಇದನ್ನೇ ವಿವರವಾಗಿ ಕೇಳಿದರು. ಗೊಂದಲ, ಒಂದಕ್ಕೊಂದು ಹೊಂದದ ಅನುಭವಗಳು, ತನ್ನ ಮೇಲೇ ಅನುಮಾನ, ಇವೇ ಮತ್ತೆ ಮತ್ತೆ ಬಂದವು. ತಾನು ಯಾರು ಅನ್ನುವುದಕ್ಕೆ ಒಂದು ಎಳೆಯೇ ಸಿಗುವುದಿಲ್ಲ ಅನ್ನುವುದು ಅವರ ಕಷ್ಟವಾಗಿತ್ತು.

ಎಳೆ ಯಾಕೆ ಸಿಗುವುದಿಲ್ಲ? ನೆನಪಿನ ಕೆಲಸವೇ ಹಾಗೆ. ಮನಸ್ಸು ಯಾವ ಸ್ಥಿತಿಯಲ್ಲಿದೆಯೋ ಆ ಸ್ಥಿತಿಗೆ ಹೊಂದುವ ನೆನಪುಗಳೇ ಮೊದಲು ಮೇಲೆ ಬರುತ್ತವೆ. ಇದು ಎಲ್ಲರಿಗೂ ಸ್ವಲ್ಪ ಮಟ್ಟಿಗೆ ನಿಜ, ಬೈಪೋಲಾರ್‌ನಲ್ಲಿ ಜೋರು. ಕೆನಡಾದ ಎರಿಕ್ ಐಕ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಪ್ರಯೋಗ ನನಗೆ ಬಹಳ ಇಷ್ಟ. ಮನಸ್ಸು ಬೇಗ ಬೇಗ ಏರಿಳಿಯುವ 10 ರೋಗಿಗಳಿಂದ ತಮ್ಮದೇ ಬದುಕಿನ ಘಟನೆಗಳನ್ನು ಹೇಳಿಸಿದರು. ಕೆಲವು ದಿನ ಬಿಟ್ಟು, ಅವತ್ತು ಏನೇನು ಹೇಳಿದ್ದಿರಿ ಅಂತ ಕೇಳಿದರು. ಮೊದಲ ಸಲ ಇದ್ದ ಮನಃಸ್ಥಿತಿಯೇ ಈಗಲೂ ಇದ್ದರೆ ಜಾಸ್ತಿ ನೆನಪಾಯಿತು, ಬದಲಾಗಿದ್ದರೆ ಕಡಿಮೆ. ಈಗ ಯೋಚನೆ ಮಾಡಿ. ಡಿಪ್ರೆಶನ್‌ನಲ್ಲಿ ಮುಳುಗಿರುವವರಿಗೆ ‘ಹೋದ ವರ್ಷ ಎಷ್ಟು ಚೆನ್ನಾಗಿದ್ದೆ, ನೆನಪು ಮಾಡಿಕೋ’ ಅಂದರೆ ಆ ನೆನಪು ಕೈಗೆ ಸಿಗುವುದೇ ಕಷ್ಟ. ಅವರು ಹಟ ಮಾಡುತ್ತಿಲ್ಲ. ಮೇನಿಯಾದಲ್ಲಿ ಇರುವವರಿಗೂ ಅಷ್ಟೇ, ಕಳೆದ ಬಾರಿಯ ಆಸ್ಪತ್ರೆ ಯಾರದೋ ಕಥೆಯಂತೆ ದೂರ ಹೋಗಿರುತ್ತದೆ. ಆಯಾ ಹೊತ್ತಿನ ‘ನಾನು’ ತನಗೆ ಬೇಕಾದ ಸಾಕ್ಷಿಗಳನ್ನೇ ಕರೆಸುತ್ತದೆ.

ಹಾಗಾದರೆ ಕಾಯಿಲೆಯನ್ನು ಬದಿಗಿಟ್ಟು ಉಳಿದದ್ದೇ ನಿಜವಾದ ನಾನು ಅನ್ನೋಣವಾ? ಡಾಕ್ಟರುಗಳು ಸಮಾಧಾನಕ್ಕೆ ಹೀಗೆ ಹೇಳುವುದುಂಟು. ಮೊದಮೊದಲು ಈ ಮಾತಿನಿಂದ ಉಪಯೋಗವೂ ಇದೆ; ಮೇನಿಯಾದಲ್ಲಿ ಮಾಡಿದ್ದಕ್ಕೆಲ್ಲ ತನ್ನನ್ನೇ ಶಪಿಸಿಕೊಳ್ಳುವುದು ತಪ್ಪುತ್ತದೆ. ಆದರೆ ಜೀವಶಾಸ್ತ್ರ ಇದಕ್ಕೆ ಅಷ್ಟಾಗಿ ಬೆಂಬಲ ಕೊಡುವುದಿಲ್ಲ. 2025ರ ಜನವರಿಯಲ್ಲಿ ಪ್ರಕಟವಾದ ಬೃಹತ್ ಜೀನ್ ಅಧ್ಯಯನದಲ್ಲಿ ಬೈಪೋಲಾರ್ ಇರುವ ಸುಮಾರು 1.58 ಲಕ್ಷ ಜನರ ಡಿಎನ್ಎ ಪರೀಕ್ಷಿಸಿದಾಗ, ಕಾಯಿಲೆಗೆ ನಂಟಿರುವ 298 ಜಾಗಗಳು ಸಿಕ್ಕವು. ಒಂದೊಂದರ ಪ್ರಭಾವವೂ ತೀರಾ ಚಿಕ್ಕದು, ಕಾಯಿಲೆ ಇಲ್ಲದವರಲ್ಲೂ ಇವು ಅಷ್ಟಿಷ್ಟು ಇದ್ದೇ ಇರುತ್ತವೆ. ‘ಬೈಪೋಲಾರ್ ಜೀನ್’ ಅಂತ ಒಂದು ಇಲ್ಲ. ಕುದ್ದ ಸಾರಿನಿಂದ ಹುಣಸೆಹುಳಿಯನ್ನಷ್ಟೇ ವಾಪಸ್ ತೆಗೆಯಲು ಆಗುತ್ತಾ? ಮೇನಿಯಾದಲ್ಲಿ ಕೊಟ್ಟ ಮಾತು, ಮಾಡಿಕೊಂಡ ಗೆಳೆತನ, ಡಿಪ್ರೆಶನ್‌ನಲ್ಲಿ ಕಲಿತ ತಾಳ್ಮೆ, ಎಲ್ಲ ಆಗಲೇ ಮನುಷ್ಯನೊಳಗೆ ಬೆರೆತುಹೋಗಿರುತ್ತದೆ.

ಈ ಜಗಳ ನಿಜಕ್ಕೂ ತಾರಕಕ್ಕೇರುವುದು ಮಾತ್ರೆ ವಿಷಯದಲ್ಲಿ. ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು, ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದವರು, ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡುತ್ತಾ ಲೀಥಿಯಂ ಅನ್ನುವ ಲೋಹದ ಲವಣ ಕೊಟ್ಟಾಗ ಅವು ಶಾಂತವಾಗಿದ್ದನ್ನು ಕಂಡರು. 1949ರಲ್ಲಿ ಮೇನಿಯಾ ಇದ್ದ 10 ರೋಗಿಗಳ ಮೇಲೆ ಅದು ಕೆಲಸ ಮಾಡಿದ್ದನ್ನು ವರದಿ ಮಾಡಿದರು. ಇಂದಿಗೂ ಇದು ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಭಾರೀ ನಾಜೂಕು. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ಅದಕ್ಕೇ ಆಗಾಗ, ಹಿಂದಿನ ಮಾತ್ರೆ ತೆಗೆದುಕೊಂಡು 12 ಗಂಟೆ ಕಳೆದ ಮೇಲೆ, ಪರೀಕ್ಷೆಗೆ ರಕ್ತ ಕೊಡಬೇಕು. ಜೊತೆಗೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ. ಕಿಡ್ನಿ ಲೀಥಿಯಂ ಅನ್ನು ಹೆಚ್ಚುಕಡಿಮೆ ಉಪ್ಪಿನಲ್ಲಿರುವ ಸೋಡಿಯಂ ತರಾನೇ ನೋಡುವುದರಿಂದ, ರಾಯಚೂರಿನ ಬಿಸಿಲಲ್ಲಿ ಬೆವತು ನೀರು-ಉಪ್ಪು ಕಡಿಮೆಯಾದರೆ, ವಾಂತಿ-ಭೇದಿಯಾದರೆ, ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೆ, ರಕ್ತದಲ್ಲಿ ಅದರ ಮಟ್ಟ ಏರಿಬಿಡಬಹುದು.

ಇಷ್ಟೆಲ್ಲ ಮಾಡಿ ಸಿಗುವುದು ಏನು? ಸಮಸ್ಥಿತಿ. ಕೆಲವರಿಗೆ ಅದು ವರ. ಕೆಲವರಿಗೆ ಕಾಫಿ ಲೋಟ ಹಿಡಿದಾಗ ನಡುಗುವ ಕೈ, ಸಪ್ಪೆ ಅನಿಸುವ ದಿನ, ‘ನನ್ನ ಒಳಗಿದ್ದ ಬೆಂಕಿಯನ್ನೇ ಆರಿಸಿಬಿಟ್ಟರು’ ಅನ್ನುವ ದುಃಖ. ಬೆಂಕಿ ಹೋಯಿತು ಅನ್ನುವುದು ಎಷ್ಟು ನಿಜ? ಡೆನ್ಮಾರ್ಕಿನ ಮೊಗೆನ್ಸ್ ಶೋ 1979ರಲ್ಲಿ ಲೀಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ಕೇಳಿದರು. 12 ಜನ ಕೆಲಸ ಜಾಸ್ತಿಯಾಗಿದೆ ಅಂದರು, 6 ಜನ ವ್ಯತ್ಯಾಸ ಇಲ್ಲ ಅಂದರು, 6 ಜನ ಕಡಿಮೆಯಾಗಿದೆ ಅಂದರು. ಜರ್ಮನಿಯ ಸಂಗೀತ ಸಂಯೋಜಕ ರಾಬರ್ಟ್ ಶೂಮನ್ ಬಗ್ಗೆ 1994ರಲ್ಲಿ ರಾಬರ್ಟ್ ವೈಸ್‌ಬರ್ಗ್ ಮಾಡಿದ ಲೆಕ್ಕ ಇನ್ನೂ ಸ್ವಾರಸ್ಯ: ಮನಸ್ಸು ಏರಿದ್ದ ವರ್ಷಗಳಲ್ಲಿ ಶೂಮನ್ ಬರೆದ ಕೃತಿಗಳ ಸಂಖ್ಯೆ ಜಾಸ್ತಿ, ಗುಣಮಟ್ಟ ಮಾತ್ರ ಅದೇ. ಹುಚ್ಚಿಗೂ ಪ್ರತಿಭೆಗೂ ನಂಟು ಕಟ್ಟಿ ರಮ್ಯವಾಗಿ ಮಾತಾಡುವವರು ಹೆಚ್ಚಾಗಿ ಆಸ್ಪತ್ರೆ ಬಿಲ್ ಕಟ್ಟಬೇಕಾದವರಲ್ಲ ಅಂತ ನನ್ನ ಗುಮಾನಿ. ಹಾಗಂತ ಆ 6 ಜನರ ನಷ್ಟವನ್ನು ಸುಳ್ಳು ಅನ್ನುವಂತಿಲ್ಲ. ಸಪ್ಪೆ ಅನಿಸಿದರೆ ಡೋಸ್ ಬಗ್ಗೆ ಡಾಕ್ಟರ ಹತ್ತಿರ ಜಗಳ ಮಾಡಿಯಾದರೂ ಮಾತಾಡಬೇಕು. ತಾವಾಗಿಯೇ ತಟ್ಟನೆ ನಿಲ್ಲಿಸಿದರೆ ಮೇನಿಯಾ ಮರಳುವ ಅಪಾಯ ದೊಡ್ಡದು.

ಮಾತ್ರೆಗಿಂತ ಕಡಿಮೆ ಚರ್ಚೆಯಾಗುವುದು ನಿದ್ದೆ. ಬೈಪೋಲಾರ್ ಇರುವವರಲ್ಲಿ ದೇಹದ ಗಡಿಯಾರ ಬೇಗ ಹಳಿ ತಪ್ಪುತ್ತದೆ, ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಕೆಲವರಿಗೆ ಮೇನಿಯಾ ಶುರುವಾಗಬಹುದು. ಅಮೆರಿಕದ ಥಾಮಸ್ ವೇರ್ ಮತ್ತು ಸಂಗಡಿಗರು 1998ರಲ್ಲಿ ಒಬ್ಬ ರೋಗಿಯ ವಿಷಯ ಬರೆದರು. ದಿನಾ 14 ಗಂಟೆ ಕತ್ತಲಲ್ಲಿ ವಿಶ್ರಾಂತಿ, ಆಮೇಲೆ ನಿಧಾನವಾಗಿ ಅದನ್ನು 10 ಗಂಟೆಗೆ ಇಳಿಸಿದ್ದು; ಆತನ ಏರಿಳಿತ ನಿಂತಿತು. ಒಬ್ಬರ ಕಥೆ, ಅದೇ ಎಲ್ಲರಿಗೂ ಅನ್ವಯಿಸುತ್ತದೆ ಅಂತಲ್ಲ. ಆದರೆ ಹೊತ್ತಿಗೆ ಸರಿಯಾಗಿ ಮಲಗು ಅನ್ನುವ ಸಲಹೆ ಕೇಳಲು ಸುಲಭ, ಪಾಲಿಸಿ ನೋಡಿ. ರಾತ್ರಿಪೂರ್ತಿ ಯಕ್ಷಗಾನ ನೋಡುವಂತಿಲ್ಲ. ಶಿವರಾತ್ರಿ ಜಾಗರಣೆ ಮಾಡುವಂತಿಲ್ಲ. ಅಮೆರಿಕದ ಹೊತ್ತಿಗೆ ನಡೆಯುವ ಶಿಫ್ಟಿನ ಒಳ್ಳೆ ಸಂಬಳ ಬಿಡಬೇಕು. ಹನ್ನೊಂದಕ್ಕೇ ಎದ್ದು ಹೊರಟರೆ ಗೆಳೆಯರು ‘ಏನೋ ಮುದುಕಪ್ಪ’ ಅಂತಾರೆ. ಆಟ ಬೆಳಗಾಗುವವರೆಗೂ ನೋಡುವುದೇ ತಾನು ಅಂದುಕೊಂಡಿದ್ದವರಿಗೆ ಇದು ಬರೀ ಟೈಂಟೇಬಲ್ ಬದಲಾವಣೆ ಅಲ್ಲ.

ಆದರೆ ಈ ನಿದ್ದೆಯ ಲೆಕ್ಕವೇ ‘ನಾನಾ, ಕಾಯಿಲೆಯಾ’ ಅನ್ನುವ ಪ್ರಶ್ನೆಗೆ ಸ್ವಲ್ಪ ಉತ್ತರ ಕೊಡುತ್ತದೆ. ದಿನಾ ಒಂದು ಸಾಲು ಸಾಕು: ಎಷ್ಟು ಹೊತ್ತು ಮಲಗಿದೆ, ಮನಸ್ಸು ಎಷ್ಟು ಮೇಲೆ ಅಥವಾ ಕೆಳಗೆ, ಮಾತ್ರೆ ಆಯಿತಾ. ಏಳು ಗಂಟೆ ಮಲಗಿ ಎದ್ದ ದಿನದ ನಗು ಬಹುಮಟ್ಟಿಗೆ ನಗುವೇ. ಮೂರು ದಿನ ಮೂರು ಮೂರು ಗಂಟೆಯಷ್ಟೇ ಮಲಗಿಯೂ ದಣಿವಾಗದೆ ನಗು ಬರುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡುವ ಹೊತ್ತು. ಒಂದು ದಿನವನ್ನು ನೋಡಿದರೆ ಏನೂ ತಿಳಿಯುವುದಿಲ್ಲ, ಸಾಲು ಸಾಲು ದಿನ ನೋಡಿದರೆ ತಿಳಿಯುತ್ತದೆ. ನೆನಪು ಪಕ್ಷಪಾತ ಮಾಡುವಾಗ ಕಾಗದ ಮಾಡುವುದಿಲ್ಲ. ಮನೆಯವರಿಗೆ ನನ್ನದೊಂದು ಸಲಹೆ: ಕೇಳಲೇಬೇಕು ಅನಿಸಿದರೆ ಮಾತ್ರೆಗಿಂತ ಮೊದಲು ‘ನಿದ್ದೆ ಚೆನ್ನಾಗಿ ಬಂತಾ’ ಅಂತ ಕೇಳಿ. ಮಾಹಿತಿಯೂ ಜಾಸ್ತಿ ಸಿಗುತ್ತದೆ, ನೋವೂ ಕಡಿಮೆ.

ಯಾವ ‘ನಾನು’ ಹೇಳಿದ್ದು ನಡೆಯಬೇಕು ಅನ್ನುವುದಕ್ಕೆ ನಮ್ಮ ಕಾನೂನಿನಲ್ಲೂ ಒಂದು ದಾರಿ ಇದೆ, ಗೊತ್ತಿರುವವರು ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ ವಯಸ್ಕರು ಯಾರು ಬೇಕಾದರೂ ಮುಂಚಿತವಾಗಿ ನಿರ್ದೇಶನ ಬರೆದಿಡಬಹುದು: ಕಾಯಿಲೆ ಬಂದಾಗ ನನ್ನನ್ನು ಹೇಗೆ ನೋಡಿಕೊಳ್ಳಬೇಕು, ಯಾವ ಚಿಕಿತ್ಸೆ ಬೇಡ, ನನ್ನ ಪರವಾಗಿ ಮಾತಾಡುವವರು ಯಾರು. ನಿಜವಾದ ನೀನು ಯಾರು ಅಂತ ಕಾನೂನು ಕೇಳುವುದಿಲ್ಲ. ಈ ಹೊತ್ತಿನಲ್ಲಿ ನಿನ್ನ ಚಿಕಿತ್ಸೆ ಬಗ್ಗೆ ನೀನೇ ತೀರ್ಮಾನಿಸುವ ಸಾಮರ್ಥ್ಯ ಇದೆಯಾ, ಅಷ್ಟೇ ನೋಡುತ್ತದೆ. ಇದ್ದರೆ ಈಗಿನ ಮಾತೇ ನಡೆಯುತ್ತದೆ, ಬರೆದಿಟ್ಟದ್ದಲ್ಲ. ಇಲ್ಲದಿದ್ದರೆ ಆ ಸಾಮರ್ಥ್ಯ ಮರಳುವವರೆಗೆ ಪತ್ರದ ಮಾತು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಡಾಕ್ಟರಿಗೋ ಮನೆಯವರಿಗೋ ಇದನ್ನು ಮೀರಬೇಕು ಅನಿಸಿದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು. ಬರೆದವರು ಮನಸ್ಸು ಬದಲಾಯಿಸಿದರೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ಹರಿದುಹಾಕಿ ಹೊಸದಾಗಿಯೂ ಬರೆಯಬಹುದು.