ಒಂದೇ ಕಾರು, ಎರಡು ಹೆಸರು: ಸೋರರ್ ಮತ್ತು ಎಸ್‌ಸಿ430 ಓದಿಕೊಳ್ಳುವುದು ಹೇಗೆ

ಈ ಟಿಪ್ಪಣಿಗೆ ಕಾರಣ ಒಂದು ಫೋಟೊ. ಮೇಲ್ಛಾವಣಿ ಮಡಚಿದ ಬೆಳ್ಳಿ ಬಣ್ಣದ ಕಾರು, ನೆಲಕ್ಕೆ ತಾಗುವಷ್ಟು ಇಳಿಸಿದ ಬಾಡಿ, ಮೂತಿಯ ಮೇಲೆ ರೆಕ್ಕೆ ಇರುವ ಸಿಂಹದ ಬ್ಯಾಡ್ಜ್. ನೋಡಿದ ತಕ್ಷಣ 'ಟೊಯೊಟಾ ಸೋರರ್, ಜಪಾನಿನ ಕಾರು' ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಆಮೇಲೆ ನೋಡಿದರೆ ಸ್ಟೀರಿಂಗ್ ಎಡಗಡೆ ಇದೆ! ಜಪಾನಿನಲ್ಲಿ ನಮ್ಮ ಹಾಗೇ ಬಲಗಡೆ ಇರುತ್ತದೆ. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೆಲ್ಲ ಇಲ್ಲಿದೆ.

ಮೊದಲು ಹೆಸರಿನ ಕಥೆ. ಸೋರರ್ ಅನ್ನುವುದು ಟೊಯೊಟಾದ ದುಬಾರಿ ಕೂಪೆ (ಎರಡು ಬಾಗಿಲಿನ ಕಾರು), 1981ರಲ್ಲಿ ಜಪಾನಿನಲ್ಲಿ ಶುರುವಾಯಿತು. ರೆಕ್ಕೆಯ ಸಿಂಹ ಅದರದೇ ಗುರುತು, ಟೊಯೊಟಾದ ಬೇರೆ ಕಾರುಗಳಿಗೆ ಇಲ್ಲ. 1989ರಲ್ಲಿ ಟೊಯೊಟಾ ಅಮೆರಿಕದಲ್ಲಿ ಲೆಕ್ಸಸ್ ಅನ್ನುವ ಬೇರೆ ಹೆಸರು ತೆರೆಯಿತು. 1991ರಲ್ಲಿ ಬಂದ ಮೂರನೇ ಪೀಳಿಗೆಯ ಸೋರರ್ ಅಲ್ಲಿ ಲೆಕ್ಸಸ್ ಎಸ್‌ಸಿ ಆಯಿತು. 2001ರಲ್ಲಿ ನಾಲ್ಕನೇ ಪೀಳಿಗೆ ಬಂತು. ನಮ್ಮ ಫೋಟೊದಲ್ಲಿರುವುದು ಅದೇ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾದಲ್ಲಿ ಅದು ಲೆಕ್ಸಸ್ ಎಸ್‌ಸಿ430, ಜಪಾನಿನಲ್ಲಿ ಮಾತ್ರ ಟೊಯೊಟಾ ಸೋರರ್ 430ಎಸ್‌ಸಿವಿ. ಯಾಕೆ ಅಂದರೆ ತವರಿನಲ್ಲಿ ಲೆಕ್ಸಸ್ ಅಂಗಡಿಯೇ ಇರಲಿಲ್ಲ! ಅದು ತೆರೆದದ್ದು 2005ರ ಆಗಸ್ಟ್‌ನಲ್ಲಿ. ಅಲ್ಲಿಂದ ಸೋರರ್ ಹೆಸರು ನಿಂತುಹೋಯಿತು, ಅದೇ ಕಾರು ಜಪಾನಿನಲ್ಲೂ ಎಸ್‌ಸಿ430 ಆಯಿತು. 2010ರಲ್ಲಿ ತಯಾರಿಕೆಯೇ ನಿಂತಿತು.

ಹೊರಗಿನ ಆಕಾರ ಎಲ್ಲ ಕಡೆ ಒಂದೇ. ಫ್ರಾನ್ಸಿನ ದಕ್ಷಿಣ ಕಡಲ ತೀರದಲ್ಲಿ ನಿಲ್ಲುವ ಶ್ರೀಮಂತರ ದೋಣಿಗಳನ್ನು ನೋಡಿ ಗೆರೆ ಎಳೆದದ್ದಂತೆ. ಕೆಲವರಿಗೆ ಅದು ಸೋಪಿನ ತುಂಡಿನ ಥರ ಕಾಣುತ್ತದೆ. ನನಗೆ ಹಿಂಭಾಗ ಇಷ್ಟ, ಮುಂಭಾಗ ಅಷ್ಟಕ್ಕಷ್ಟೇ.

ಛಾವಣಿಯನ್ನು ಮಾತ್ರ ಹತ್ತಿರದಿಂದ ನೋಡಿ. ಬಟ್ಟೆಯಲ್ಲ, ಅಲ್ಯೂಮಿನಿಯಂ. ಬಟನ್ ಒತ್ತಿದರೆ ಡಿಕ್ಕಿಯ ಮುಚ್ಚಳ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಛಾವಣಿ ಎರಡು ತುಂಡಾಗಿ ಮಡಚಿಕೊಂಡು, ಹಿಂದಿನ ಗಾಜಿನ ಜೊತೆ ಒಳಗೆ ಇಳಿಯುತ್ತದೆ, ಮುಚ್ಚಳ ಮತ್ತೆ ಕೂರುತ್ತದೆ. ಎಲ್ಲ ಸೇರಿ ಸುಮಾರು 25 ಸೆಕೆಂಡ್. ಸಿಗ್ನಲ್ಲಿನಲ್ಲಿ ನಿಂತು ಶುರು ಮಾಡಿದರೆ ಹಸಿರು ಬರುವಷ್ಟರಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಹಿಂದಿನವರ ಹಾರ್ನ್ ಕೇಳಬೇಕು. ಛಾವಣಿ ಒಳಗೆ ಹೋದಮೇಲೆ ಡಿಕ್ಕಿಯಲ್ಲಿ ಒಂದು ಸಣ್ಣ ಬ್ಯಾಗಿಗೆ ಜಾಗ ಉಳಿದರೆ ಪುಣ್ಯ. ಈ ಜಾಗದ ವಿಷಯ ನೆನಪಿಟ್ಟುಕೊಳ್ಳಿ, ಮಾಡಿಫಿಕೇಶನ್ ಹೇಳುವಾಗ ಮತ್ತೆ ಬರುತ್ತದೆ.

ಈಗ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಏನು ಬದಲಾಗುತ್ತದೆ ನೋಡೋಣ. ಎಂಜಿನ್ ಎಲ್ಲ ಕಡೆ ಅದೇ 4.3 ಲೀಟರ್ ವಿ8, ಹೆಸರು 3ಯುಝಡ್-ಎಫ್ಇ. ಆದರೆ ಜಪಾನಿನ ಕಾಗದದಲ್ಲಿ 280 ಪಿಎಸ್ (ಶಕ್ತಿ ಅಳೆಯುವ ಮಾನ, ಎಚ್‌ಪಿಗೆ ಹೆಚ್ಚುಕಡಿಮೆ ಸಮ), ಅಮೆರಿಕದ ಕಾಗದದಲ್ಲಿ 300 ಎಚ್‌ಪಿ. ನಾನೂ ಮೊದಲು ಎಂಜಿನ್ ಬೇರೆ ಇರಬೇಕು ಅಂದುಕೊಂಡಿದ್ದೆ. ವಿಷಯ ಬೇರೆ. 1989ರಿಂದ ಜಪಾನಿನ ಕಾರು ಕಂಪನಿಗಳು ತಮ್ಮ ದೇಶದಲ್ಲಿ ಮಾರುವ ಕಾರಿಗೆ 280 ಪಿಎಸ್‌ಗಿಂತ ಜಾಸ್ತಿ ತೋರಿಸುವುದಿಲ್ಲ ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಕಾನೂನೇನಲ್ಲ, ಮಾತಿನ ಒಪ್ಪಂದ. 2004ರವರೆಗೆ ಅದು ನಡೆಯಿತು. ಹಾಗಾಗಿ ಆ ಕಾಲದ ಯಾವುದೇ ಜಪಾನಿ ಕಾರಿನ ಮುಂದೆ '280' ಕಂಡರೆ ಅದು ಎಂಜಿನ್ನಿನ ಶಕ್ತಿಯೋ, ಒಪ್ಪಂದದ ಗೆರೆಯೋ ಅಂತ ಒಮ್ಮೆ ಯೋಚಿಸಿ. ಇನ್ನೊಂದು ತಮಾಷೆ: ಅಮೆರಿಕದಲ್ಲಿ ಆಮೇಲೆ 300 ಇದ್ದದ್ದು 288 ಆಯಿತು. ಎಂಜಿನ್ ಸೊರಗಲಿಲ್ಲ, ಅಳೆಯುವ ರೀತಿ ಬದಲಾಯಿತು ಅಷ್ಟೇ. ಗೇರ್‌ಬಾಕ್ಸ್ ಮಾತ್ರ ನಿಜವಾಗಿ ಬದಲಾಯಿತು: ಮೊದಲು 5 ಸ್ಪೀಡ್ ಆಟೋಮ್ಯಾಟಿಕ್, ಜಪಾನಿನಲ್ಲಿ ಲೆಕ್ಸಸ್ ಹೆಸರು ಬಂದಾಗಿನಿಂದ 6 ಸ್ಪೀಡ್.

ಉಳಿದವು ಸಣ್ಣ ಸಣ್ಣ ವಿಷಯಗಳು, ಆದರೆ ಪಾರ್ಟ್ಸ್ ತರಿಸುವವರಿಗೆ ಇವೇ ತಲೆನೋವು. ಜಪಾನಿನ ಸ್ಪೀಡೋಮೀಟರ್ 180 ಕಿ.ಮೀ.ಗೆ ನಿಲ್ಲುತ್ತದೆ. ಅಮೆರಿಕದ ಕಾರಿಗೆ ಪಕ್ಕದಲ್ಲಿ ಹಳದಿ ಮತ್ತು ಕೆಂಪು ಸೈಡ್ ಮಾರ್ಕರ್ ದೀಪ ಇರಲೇಬೇಕು. ಹೆಡ್‌ಲೈಟ್ ಇನ್ನೂ ಸೂಕ್ಷ್ಮ. ಎಡಗಡೆ ಓಡಿಸುವ ದೇಶದ ಲೈಟು ಎಡಗಡೆ ರಸ್ತೆಯ ಅಂಚನ್ನು ಬೆಳಗುತ್ತದೆ. ಅದನ್ನು ಅಮೆರಿಕದ ಕಾರಿಗೆ ಹಾಕಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಜಪಾನಿನ ಕಾರಿನ ರೇಡಿಯೊ ಆಗ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿಯುತ್ತಿತ್ತು. ಅಂಥ ಕಾರನ್ನು ಬೆಂಗಳೂರಿಗೆ ತಂದರೆ 91.1, 98.3, 101.3 ಯಾವುದೂ ಬರುವುದಿಲ್ಲ. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಅನ್ನುವ ಚಿಕ್ಕ ಡಬ್ಬಿ ಹಾಕಿಸಬೇಕು.

ಹಿಂದಿನ ಪೀಳಿಗೆಗಳಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಮೂರನೇ ಪೀಳಿಗೆಯಲ್ಲಿ 2.5 ಲೀಟರ್ ಟ್ವಿನ್ ಟರ್ಬೊ ಎಂಜಿನ್ ಸಿಕ್ಕಿದ್ದು ಜಪಾನಿಗೆ ಮಾತ್ರ, ಅಮೆರಿಕಕ್ಕೆ ಟರ್ಬೊ ಹೋಗಲೇ ಇಲ್ಲ. ಎರಡನೇ ಪೀಳಿಗೆಯಲ್ಲಿ 1989ರಲ್ಲಿ ಏರೊಕ್ಯಾಬಿನ್ ಅಂತ ಮಡಚುವ ಛಾವಣಿಯ ಸೋರರ್ ಬಂತು. ಬರೀ 500 ಕಾರು, ಅದೂ ಜಪಾನಿನಲ್ಲಿ ಮಾತ್ರ. ಛಾವಣಿಯ ವಿಷಯದಲ್ಲಿ ನಿಸ್ಸಾನ್ ಕಂಪನಿಯ ಕಥೆ ಇದಕ್ಕೆ ಉಲ್ಟಾ. ಜಪಾನಿನ ಲೆಪರ್ಡ್ ಅನ್ನುವ ಕೂಪೆಯೇ ಅಮೆರಿಕದಲ್ಲಿ ಇನ್‌ಫಿನಿಟಿ ಎಂ30. ಟರ್ಬೊ ತವರಿಗೆ ಸಿಕ್ಕಿತು, ಛಾವಣಿ ತೆರೆಯುವ ಕನ್ವರ್ಟಿಬಲ್ ಅಮೆರಿಕಕ್ಕೆ. ಆ ಕನ್ವರ್ಟಿಬಲ್ ಜಪಾನಿನ ಕಾರ್ಖಾನೆಯಲ್ಲಿ ಹುಟ್ಟಿದ್ದೇ ಅಲ್ಲ. ಕೂಪೆಯ ಛಾವಣಿ ಕತ್ತರಿಸಿ ಬಟ್ಟೆ ಛಾವಣಿ ಕೂರಿಸಿದ್ದು ಎಎಸ್‌ಸಿ ಅನ್ನುವ ಅಮೆರಿಕದ ಕಂಪನಿ. ಒಂದು ಥರದಲ್ಲಿ ಕಂಪನಿಯೇ ಮಾಡಿಸಿದ ಮಾಡಿಫಿಕೇಶನ್, ಅಲ್ವಾ?

ಇನ್ನು ಮಾಲೀಕರು ಮಾಡಿಸುವ ಮಾಡಿಫಿಕೇಶನ್. ಜಪಾನಿನಲ್ಲಿ ದೊಡ್ಡ ದುಬಾರಿ ಕಾರನ್ನು ನೆಲಕ್ಕೆ ಇಳಿಸಿ, ಅಗಲ ಗಾಲಿ ಹಾಕಿ, ಗಾಲಿಯ ಮೇಲ್ತುದಿ ಒಳಕ್ಕೆ ವಾಲುವಂತೆ ಕೂರಿಸುವ ಪದ್ಧತಿಗೆ ವಿಐಪಿ ಸ್ಟೈಲ್ ಅನ್ನುತ್ತಾರೆ, ಅವರ ಬಾಯಲ್ಲಿ 'ಬಿಪ್ಪು'. ಮೂಲದಲ್ಲಿ ಅದು ಸೆಡಾನ್‌ಗಳ ಶೋಕಿ, ಸೋರರ್‌ಗೂ ಹಬ್ಬಿತು. ಆದರೆ ಅಲ್ಲಿ ಶಾಕೆನ್ ಅನ್ನುವ ತಪಾಸಣೆ ಇದೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ. ನೆಲದಿಂದ 9 ಸೆಂ.ಮೀ. ಎತ್ತರ ಇರಲೇಬೇಕು. ಬೇಕಾದಾಗ ಏರಿಸಿ ಇಳಿಸಬಹುದಾದ ಏರ್ ಸಸ್ಪೆನ್ಶನ್ ಮೇಲೆ ಜನರಿಗೆ ಅಷ್ಟು ಪ್ರೀತಿ ಯಾಕೆ ಅಂತ ಈಗ ಗೊತ್ತಾಯಿತಲ್ಲ. ಸೆಡಾನ್‌ನಲ್ಲಿ ಅದರ ಗಾಳಿ ಟ್ಯಾಂಕು, ಕಂಪ್ರೆಸರ್ ಡಿಕ್ಕಿಯಲ್ಲಿ ಕೂರುತ್ತವೆ. ನಮ್ಮ ಕಾರಿನ ಡಿಕ್ಕಿಯಲ್ಲಿ ಛಾವಣಿ ಬಂದು ಮಲಗಬೇಕು! ಇಂಚು ತಪ್ಪಿದರೂ ಛಾವಣಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ಸೀಟಿನ ಹತ್ತಿರವೋ ಸ್ಟೆಪ್ನಿಯ ಗುಂಡಿಯಲ್ಲೋ ಜಾಗ ಹುಡುಕಬೇಕು. ಹೇಗೂ ಆ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಲಾರರು.

ಇದೆಲ್ಲಕ್ಕಿಂತ ಅಗ್ಗದ ಮಾಡಿಫಿಕೇಶನ್ ಒಂದಿದೆ: ಬ್ಯಾಡ್ಜ್. ಅಮೆರಿಕದವರು ಲೆಕ್ಸಸ್‌ನ ಎಲ್ ಅಕ್ಷರ ಕಿತ್ತು, ಜಪಾನಿನಿಂದ ರೆಕ್ಕೆಯ ಸಿಂಹ ತರಿಸಿ ಅಂಟಿಸುತ್ತಾರೆ. ಜಪಾನಿನವರು ಸಿಂಹ ಕಿತ್ತು ಎಲ್ ಅಕ್ಷರ ಅಂಟಿಸುತ್ತಾರೆ. ದೂರದ ಬೆಟ್ಟ ನುಣ್ಣಗೆ.

ಹಾಗಾಗಿ ಬ್ಯಾಡ್ಜ್ ಬಿಡಿ, ನಂಬರ್ ಓದಿ. ಜಪಾನಿನ ಒಳಗೆ ಮಾರಿದ ಕಾರಿಗೆ ವಿನ್ ಅನ್ನುವ 17 ಅಕ್ಷರದ ಗುರುತಿನ ನಂಬರ್ ಇರುವುದಿಲ್ಲ. ಚಿಕ್ಕ ಫ್ರೇಮ್ ನಂಬರ್ ಇರುತ್ತದೆ, ಶುರುವಾಗುವುದೇ ಯು-ಝಡ್-ಝಡ್-40 ಅಂತ. ಬಿಡಿಸಿದರೆ ಸುಲಭ: ಯುಝಡ್ ಅಂದರೆ ಎಂಜಿನ್ ಕುಟುಂಬ, ಮುಂದಿನ ಝಡ್ ಅಂದರೆ ಸೋರರ್ ಸಾಲು, 40 ಅಂದರೆ ನಾಲ್ಕನೇ ಪೀಳಿಗೆ. ಇದೇ ಸೂತ್ರದಲ್ಲಿ ಜೆಝಡ್‌ಝಡ್30 ಅಂದರೆ ಜೆಝಡ್ ಎಂಜಿನ್ನಿನ ಮೂರನೇ ಪೀಳಿಗೆ. ಅಮೆರಿಕದ ಕಾರಿಗೆ 17 ಅಕ್ಷರ, ಶುರುವಿನಲ್ಲಿ ಜೆ-ಟಿ-ಎಚ್. ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ. ಇಲ್ಲೂ ಒಂದು ಗುಂಡಿ ಇದೆ, ಎಡವಬೇಡಿ: 2001ರಲ್ಲಿ ಅಂಗಡಿಗೆ ಬಂದ ಕಾರನ್ನು ಅಮೆರಿಕದಲ್ಲಿ 2002ರ ಮಾಡೆಲ್ ಅನ್ನುತ್ತಾರೆ.

ಆಮೇಲೆ ಬಂದ ಕಾರುಗಳ ಬಗ್ಗೆ ಎರಡೇ ಮಾತು. 2009ರ ಲೆಕ್ಸಸ್ ಐಎಸ್ ಕನ್ವರ್ಟಿಬಲ್ ಬ್ರಿಟನ್ನಿಗೆ 2.5 ಲೀಟರ್ ಎಂಜಿನ್ನಿನಲ್ಲಿ ಮಾತ್ರ ಹೋಯಿತು, ಅಮೆರಿಕಕ್ಕೆ 3.5 ಲೀಟರ್ ಕೂಡ ಸಿಕ್ಕಿತು. 2020ರ ಲೆಕ್ಸಸ್ ಎಲ್‌ಸಿ500 ಕನ್ವರ್ಟಿಬಲ್ ಬಟ್ಟೆ ಛಾವಣಿಗೆ ಹೋಯಿತು. ಸುಮಾರು 15 ಸೆಕೆಂಡಿನಲ್ಲಿ ತೆರೆಯುತ್ತದೆ, 50 ಕಿ.ಮೀ. ವೇಗದವರೆಗೆ ಓಡುತ್ತಲೇ ತೆರೆಯಬಹುದು.

ಈಗ ಮತ್ತೆ ಆ ಫೋಟೊ ತೆಗೆಯಿರಿ. ಸ್ಟೀರಿಂಗ್ ಎಡಗಡೆ. ಮುಂದಿನ ಬಂಪರ್ ಪಕ್ಕದಲ್ಲಿ ಹಳದಿ ಮಾರ್ಕರ್. ಸ್ಪೀಡೋಮೀಟರ್‌ನಲ್ಲಿ ದೊಡ್ಡ ಅಂಕಿಗಳು ಮೈಲಿಯಲ್ಲಿ. ಇದು ಅಮೆರಿಕದ ಎಸ್‌ಸಿ430, ಸಿಂಹ ಮಾತ್ರ ಸಮುದ್ರ ದಾಟಿ ಬಂದದ್ದು. ನನ್ನ ನೋಟ್‌ಬುಕ್‌ನಲ್ಲಿ 'ಸೋರರ್' ಅನ್ನುವ ಪದಕ್ಕೆ ಗೆರೆ ಹೊಡೆದಿದ್ದೇನೆ.