ಬಣ್ಣ ಹಾಕಿದ ಮೇಲೆ ಮೂಕಿ ನಟಿಯ ಮುಖ ಸುಣ್ಣ ಬಳಿದಂತೆ ಕಾಣುವುದೇಕೆ?

ಓದುಗರ ಪ್ರಶ್ನೆ: 1920ರ ದಶಕದ ಮೂಕಿ ಚಿತ್ರದ ನಟಿಯೊಬ್ಬರ ಕಪ್ಪು-ಬಿಳುಪು ಫೋಟೊ ಸಿಕ್ಕಿದೆ. ಅದರ ಪ್ರಿಂಟ್ ತೆಗೆಸಿ ಆಯಿಲ್ ಬಣ್ಣದಿಂದ ಕೈಯಲ್ಲೇ ಬಣ್ಣ ಹಾಕಿ ನೋಡಿದೆ. ಸೀರೆ ಪರವಾಗಿಲ್ಲ. ಮುಖ ಮಾತ್ರ ಸುಣ್ಣ ಬಳಿದ ಹಾಗಾಗುತ್ತದೆ, ತುಟಿ ಎಷ್ಟು ಕೆಂಪು ಹಾಕಿದರೂ ಕರ್ರಗೇ ಉಳಿಯುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಬಣ್ಣದ ಟ್ಯೂಬ್ ನೋಡಿ. ಅದರ ಮೇಲೆ ‘ಫ್ಲೆಶ್ ಟಿಂಟ್’ ಎಂದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅದು ಕ್ಯಾನ್ವಾಸ್ ಮೇಲೆ ಚಿತ್ರ ಬರೆಯುವವರಿಗಾಗಿ ಮಾಡಿದ ಬಣ್ಣ. ಅದರಲ್ಲಿ ಬಿಳಿ ಸೇರಿರುತ್ತದೆ, ಬಿಳಿ ಸೇರಿದ ಯಾವ ಬಣ್ಣವೂ ಅಡಿಯಲ್ಲಿರುವುದನ್ನು ಮುಚ್ಚಿಬಿಡುತ್ತದೆ. ಫೋಟೊದಲ್ಲಿ ಕೆನ್ನೆಯ ಉಬ್ಬು, ಮೂಗಿನ ಪಕ್ಕದ ನೆರಳು, ಗಲ್ಲದ ಕೆಳಗಿನ ಕತ್ತಲೆ ಎಲ್ಲವೂ ಆಗಲೇ ಇವೆ. ನಾವು ಸೇರಿಸಬೇಕಾದದ್ದು ಬರಿಯ ಛಾಯೆ. ಆ ನೆರಳಿನ ಮೇಲೆ ಬಿಳಿ ಬೆರೆತ ಬಣ್ಣ ಕೂತರೆ ಮುಖ ಚಪ್ಪಟೆಯಾಗಿ, ಬೂದು ಬಡಿದಂತೆ ಕಾಣದೆ ಇನ್ನೇನಾಗುತ್ತದೆ?

ಬೇಕಾದದ್ದು ಪಾರದರ್ಶಕ ಬಣ್ಣ. ರಾ ಸಿಯೆನ್ನಾ, ಬರ್ಂಟ್ ಸಿಯೆನ್ನಾ, ಇಂಡಿಯನ್ ಯೆಲ್ಲೊ, ಪರ್ಮನೆಂಟ್ ರೋಸ್, ಅಲ್ಟ್ರಾಮರೀನ್, ವಿರಿಡಿಯನ್ ಈ ಆರು ಇದ್ದರೆ ಇಡೀ ಫೋಟೊ ಮುಗಿಸಬಹುದು. ಕ್ಯಾಡ್ಮಿಯಂ ಕೆಂಪು-ಹಳದಿ, ನೇಪಲ್ಸ್ ಯೆಲ್ಲೊ, ಟೈಟಾನಿಯಂ ವೈಟ್ ಹತ್ತಿರ ತರಬೇಡಿ. ಕೆಂಪಿಗೆ ಹಳೆಯ ಅಲಿಜರಿನ್ ಕ್ರಿಮ್ಸನ್ ಪಾರದರ್ಶಕವೇನೋ ಹೌದು, ಆದರೆ ತೆಳುವಾಗಿ ಹಚ್ಚಿದಾಗ ಬೆಳಕಿಗೆ ಬೇಗ ಮಾಸುತ್ತದೆ. ಅದಕ್ಕೇ ಪರ್ಮನೆಂಟ್ ರೋಸ್ ಹೇಳಿದ್ದು. ಹಲವು ಕಂಪನಿಗಳ ಟ್ಯೂಬ್ ಮೇಲೆ ಒಂದು ಪುಟ್ಟ ಚೌಕ ಇರುತ್ತದೆ: ಖಾಲಿ ಇದ್ದರೆ ಪಾರದರ್ಶಕ, ತುಂಬಿದ್ದರೆ ಮುಚ್ಚುವ ಬಣ್ಣ. ಗುರುತು ಇಲ್ಲದಿದ್ದರೆ ಕಾಗದದ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಕಪ್ಪು ಗೆರೆ ಎಳೆದು, ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ ಉಜ್ಜಿ ನೋಡಿ. ಗೆರೆ ಹಾಲು ಬಿದ್ದ ಹಾಗೆ ಮಂಕಾದರೆ ಆ ಟ್ಯೂಬ್ ಈ ಕೆಲಸಕ್ಕಲ್ಲ. ಈ ಕೆಲಸಕ್ಕೆಂದೇ ಮಾಡಿದ ಮಾರ್ಷಲ್ಸ್ ಫೋಟೊ ಆಯಿಲ್ ಸಿಕ್ಕರೆ ಈ ತಲೆನೋವೇ ಇಲ್ಲ.

ಇನ್ನು ಕಪ್ಪು ತುಟಿ. ಇದರ ಮೂಲ ನೂರು ವರ್ಷದ ಹಿಂದಿನ ಫಿಲ್ಮಿನಲ್ಲಿದೆ.

ಮೂಕಿ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಕೆಂಪು ದೀಪದಡಿಯಲ್ಲೇ ಅದನ್ನು ತೊಳೆಯಬಹುದಾಗಿದ್ದರಿಂದ ಲ್ಯಾಬಿನವರಿಗೆ ಅನುಕೂಲವಾಗಿತ್ತು. ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಹಾಲಿವುಡ್‌ನಲ್ಲೇ ನೆಲೆಯೂರಿದ್ದು 1920ರ ದಶಕದ ದ್ವಿತೀಯಾರ್ಧದಲ್ಲಿ. ಹಾಗಾಗಿ ಸುಲೋಚನಾ (ನಿಜ ಹೆಸರು ರೂಬಿ ಮೈಯರ್ಸ್), ಪೇಷನ್ಸ್ ಕೂಪರ್, ಗೋಹರ್, ಜುಬೇದಾ, ಸೀತಾದೇವಿ, 1928ರ ‘ಶಿರಾಜ್’ ಚಿತ್ರದಲ್ಲಿದ್ದ ಏಣಾಕ್ಷಿ ರಾಮರಾವ್, ಇವರಲ್ಲಿ ಯಾರ ಆ ಕಾಲದ ಫೋಟೊ ನಿಮ್ಮ ಕೈಲಿದ್ದರೂ ಅದು ಆರ್ಥೊ ಎಂದೇ ಹಿಡಿದು ಕೆಲಸ ಶುರು ಮಾಡುವುದು ಕ್ಷೇಮ.

ಅಂಥ ಫೋಟೊದಲ್ಲಿ ಹಣೆಯ ಕುಂಕುಮ ಕಪ್ಪು ಚುಕ್ಕೆ. ತುಟಿ ಕಪ್ಪು. ಕೆಂಪು ಅಂಚು ಕಪ್ಪು ಅಂಚಾಗಿರುತ್ತದೆ. ಅರಿಶಿನದ ಬಣ್ಣ ನಾವು ಎಣಿಸಿದ್ದಕ್ಕಿಂತ ಗಾಢ. ಆಕಾಶನೀಲಿ ಸೀರೆ ಮಾತ್ರ ಬಿಳಿ ಸೀರೆಯಂತೆ ತೆಳ್ಳಗೆ ಕೂತಿರುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚು, ಹಾಗಾಗಿ ಅದೂ ಇರುವುದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಅದನ್ನು ತಪ್ಪಿಸಲು ಮುಖಕ್ಕೆ ತೆಳು ಬಣ್ಣದ ಮೇಕಪ್ಪನ್ನು ದಪ್ಪವಾಗಿ ಹಾಕುತ್ತಿದ್ದರು, ಆಮೇಲೆ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಚರ್ಮವನ್ನು ಇನ್ನಷ್ಟು ನುಣುಪು ಮಾಡುತ್ತಿದ್ದರು. ಅಂದರೆ ನಿಮ್ಮ ಕೈಗೆ ಬರುವ ಮುಖ ಆಗಲೇ ಒಮ್ಮೆ ಬೆಳ್ಳಗಾಗಿರುವ ಮುಖ. ಅದರ ಮೇಲೆ ಫ್ಲೆಶ್ ಟಿಂಟ್ ಬೇರೆ.

ಪಾರದರ್ಶಕ ಬಣ್ಣಕ್ಕೆ ಕಪ್ಪಿನ ಮೇಲೆ ಬೆಲೆಯಿಲ್ಲ. ಕಪ್ಪು ತುಟಿಗೆ ಎಷ್ಟು ಕೆಂಪು ಉಜ್ಜಿದರೂ ಕಪ್ಪೇ. ಅದನ್ನು ಬಣ್ಣದ ಹಂತದಲ್ಲಿ ಸರಿಪಡಿಸಲು ಹೋದರೆ ಮತ್ತೆ ಬಿಳಿ ಬೆರೆಸಬೇಕಾಗುತ್ತದೆ, ಮತ್ತೆ ಸುಣ್ಣ. ಸರಿಪಡಿಸುವ ಜಾಗ ಪ್ರಿಂಟ್.

ಮೂಲ ಫೋಟೊ ಮೇಲೆ ಎಂದೂ ಬಣ್ಣ ಹಾಕಬೇಡಿ, ಒರೆಸಿ ಶುಚಿ ಮಾಡಲೂ ಹೋಗಬೇಡಿ. ನಮ್ಮ ಮೂಕಿ ಚಿತ್ರಗಳಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಎಷ್ಟೋ ನಟಿಯರ ಕೆಲಸಕ್ಕೆ ಇಂಥ ಫೋಟೊಗಳೇ ಸಾಕ್ಷಿ. ಸಂಡೇ ಬಜಾರಿನಲ್ಲೋ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲೋ ಸಿಕ್ಕಿದ ಪೋಸ್ಟ್‌ಕಾರ್ಡ್ ಆದರೂ ಸರಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಪೋಸ್ಟ್‌ಕಾರ್ಡ್ ಅಳತೆಯ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 8×10 ಇಂಚಿನ ಪ್ರಿಂಟ್‌ಗೆ ಸಾಲುತ್ತದೆ. ಮುಖ ಕನಿಷ್ಠ ಎರಡು ಇಂಚು ಎತ್ತರ ಇರಲಿ, ಅದಕ್ಕಿಂತ ಸಣ್ಣದಾದರೆ ಕಣ್ಣಿನ ಕೆಲಸ ಕೈಗೆ ಹತ್ತುವುದಿಲ್ಲ. ಸ್ಕ್ಯಾನ್ ಮಾಡುವ ಮೊದಲು ಭೂತಗನ್ನಡಿಯಲ್ಲಿ ನೋಡಿ. ಚುಕ್ಕೆ ಚುಕ್ಕೆ ಕಂಡರೆ ಅದು ಫೋಟೊ ಅಲ್ಲ, ಅಚ್ಚಾದ ಚಿತ್ರ. ಅದಕ್ಕೆ 1200 ಡಿಪಿಐ ಇಟ್ಟು, ಚುಕ್ಕೆ ಕರಗುವಷ್ಟು ಮಾತ್ರ ಮಸುಕು ಮಾಡಿಕೊಳ್ಳಬೇಕು.

ಸ್ಕ್ಯಾನಿನಲ್ಲಿ ನಾಲ್ಕು ತಿದ್ದುಪಡಿ. ಕಪ್ಪನ್ನು ಪೂರ್ತಿ ಕಪ್ಪಿಗೆ ಬಿಡದೆ 25-30ರ ಮಟ್ಟಕ್ಕೆ ಎತ್ತಿ (0 ಕಪ್ಪು, 255 ಬಿಳಿ ಎಂಬ ಲೆಕ್ಕದಲ್ಲಿ). ಬಿಳಿಯನ್ನು 240ರ ಆಸುಪಾಸಿಗೆ ಇಳಿಸಿ, ಏಕೆಂದರೆ ಖಾಲಿ ಕಾಗದದ ಮೇಲೆ ಬಿದ್ದ ಬಣ್ಣ ಕಲೆಯಂತೆ ಕಾಣುತ್ತದೆ. ಆಮೇಲೆ ತುಟಿ, ಕುಂಕುಮ, ಕೆನ್ನೆಯ ಕಪ್ಪು ಛಾಯೆ ಇಷ್ಟನ್ನು ಮಾತ್ರ ಆರಿಸಿ, ಸುತ್ತಲಿನ ಚರ್ಮಕ್ಕಿಂತ ಒಂದೆರಡು ಮೆಟ್ಟಿಲು ಕಪ್ಪು ಎನ್ನುವ ತನಕ ಬೆಳಗಿಸಿ. ಕೊನೆಗೆ ಇಡೀ ಚಿತ್ರಕ್ಕೆ ತೆಳುವಾದ ಕಂದು ಛಾಯೆ ಕೊಡಿ. ತಣ್ಣನೆಯ ಬೂದು ಮುಖದ ಮೇಲೆ ಮೈಬಣ್ಣ ಹಾಕಿದರೆ ಹೆಣದ ಕಳೆ ಬರುತ್ತದೆ. ಬೆಳ್ಳಿ ಪ್ರಿಂಟಿನ ಕಾಲದಲ್ಲಿ ಬಣ್ಣ ಹಾಕುವ ಮೊದಲು ಸೆಪಿಯಾ ಟೋನ್ ಮಾಡುತ್ತಿದ್ದುದು ಇದಕ್ಕೇ.

ಪ್ರಿಂಟ್ ಕೊಡುವಾಗ ಎರಡು ಮಾತು ಒತ್ತಿ ಹೇಳಿ: ಮ್ಯಾಟ್ ಕಾಟನ್ ಪೇಪರ್, ಪಿಗ್ಮೆಂಟ್ ಇಂಕ್. ಲ್ಯಾಬಿನಲ್ಲಿ ಮಾಮೂಲಿಯಾಗಿ ಕೊಡುವ ಹೊಳಪಿನ ಪ್ರಿಂಟಿನ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಬಣ್ಣ ಕಚ್ಚದೆ ಜಾರುತ್ತದೆ, ಗೆರೆ ಗೆರೆಯಾಗುತ್ತದೆ. ಒಂದೇ ಫೋಟೊದ ಎರಡು ಮೂರು ಪ್ರತಿ ತೆಗೆಸಿ. ಒಂದನ್ನು ಕತ್ತರಿಸಿ ಬಣ್ಣ ಪರೀಕ್ಷಿಸಲು ಇಟ್ಟುಕೊಳ್ಳಿ.

ಈಗ ಕೈಕೆಲಸ. ಪ್ರಿಂಟನ್ನು ಹಲಗೆಯ ಮೇಲೆ ನಾಲ್ಕು ಅಂಚಿಗೂ ಪೇಪರ್ ಟೇಪ್ ಹಾಕಿ ಕೂರಿಸಿ. ಇಂಕ್‌ಜೆಟ್ ಪ್ರಿಂಟ್ ಆದರೆ ಮ್ಯಾಟ್ ಫಿಕ್ಸೆಟಿವ್ ಸ್ಪ್ರೇಯನ್ನು ಎರಡು ಸಲ ತೆಳುವಾಗಿ ಹೊಡೆಯಬೇಕು, ಮಧ್ಯೆ ಅರ್ಧ ಗಂಟೆ ಒಣಗಲು ಬಿಡಬೇಕು. ಇದನ್ನು ಬಿಟ್ಟರೆ ಎಣ್ಣೆ ಕಾಗದದೊಳಗೆ ಇಳಿದು, ಬಜ್ಜಿ ಕಟ್ಟಿದ ಪೇಪರಿನಂತೆ ಹಿಂಬದಿಯಿಂದ ಕಲೆ ಕಾಣುತ್ತದೆ. ಎರಡು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಶುದ್ಧೀಕರಿಸಿದ ಅಗಸೆ ಎಣ್ಣೆ ಬೆರೆಸಿ, ಹತ್ತಿಯಲ್ಲಿ ಅದ್ದಿ ಇಡೀ ಚಿತ್ರಕ್ಕೆ ಸವರಿ, ಒಣ ಹತ್ತಿಯಿಂದ ಒರೆಸಿಬಿಡಿ. ಓರೆಯಾಗಿ ನೋಡಿದರೆ ಎಲ್ಲೂ ಒದ್ದೆಯ ಹೊಳಪು ಕಾಣಬಾರದು.

ಮೈಬಣ್ಣಕ್ಕೆ ಬೆಂಕಿಕಡ್ಡಿಯ ತಲೆಯಷ್ಟು ರಾ ಸಿಯೆನ್ನಾ, ಅದರ ಅರ್ಧ ಬರ್ಂಟ್ ಸಿಯೆನ್ನಾ, ಟೂತ್‌ಪಿಕ್ ತುದಿಯಷ್ಟು ಪರ್ಮನೆಂಟ್ ರೋಸ್ ಸಾಕು. ಒಂದು ಮುಖಕ್ಕೆ ಇದೂ ಹೆಚ್ಚೇ. ಗಾಜಿನ ಮೇಲೆ ಕಲಸಿ, ಹತ್ತಿ ಉಂಡೆಯಲ್ಲಿ ತೆಗೆದುಕೊಂಡು, ಮೊದಲು ರದ್ದಿ ಕಾಗದಕ್ಕೆ ಒತ್ತಿ. ಆಮೇಲೆ ಮುಖದ ನೆರಳಿನ ಕಡೆಯಿಂದ ಶುರು ಮಾಡಿ: ಗಲ್ಲದ ಕೆಳಗೆ, ದವಡೆಯ ಪಕ್ಕ, ಮೂಗಿನ ಬದಿ. ಅಲ್ಲಿಂದ ಬೆಳಕಿನ ಕಡೆಗೆ ಪುಟ್ಟ ಪುಟ್ಟ ಸುತ್ತಿನಲ್ಲಿ ಎಳೆಯುತ್ತಾ ಬನ್ನಿ. ನಂತರ ಹೊಸ ಹತ್ತಿ ತೆಗೆದುಕೊಂಡು ಹಾಕಿದ್ದನ್ನೆಲ್ಲ ತೆಗೆಯುವವರ ಹಾಗೆ ಉಜ್ಜಿ. ಈ ಕೆಲಸ ನಡೆಯುವುದೇ ತೆಗೆಯುವುದರಲ್ಲಿ. ಹಣೆಯ ನಡು, ಮೂಗಿನ ದಂಡೆ, ಕೆನ್ನೆಯ ತುದಿ ಹತ್ತಿರಹತ್ತಿರ ಖಾಲಿ ಎನ್ನಿಸಬೇಕು. ಬಣ್ಣ ಕಣ್ಣಿಗೆ ಬಣ್ಣವಾಗಿಯೇ ಕಾಣುತ್ತಿದ್ದರೆ ಇನ್ನೂ ಜಾಸ್ತಿ ಇದೆ ಎಂದರ್ಥ. ಮೇಕಪ್ ಇಲ್ಲದ ಕತ್ತು, ಕೈಗಳಿಗೆ ಬರ್ಂಟ್ ಸಿಯೆನ್ನಾ ತುಸು ಹೆಚ್ಚಿರಲಿ. ಮುಖ-ಕೈ ಎರಡಕ್ಕೂ ಒಂದೇ ಬಣ್ಣ ಹಾಕುವುದರಿಂದಲೂ ಮುಖವಾಡದ ಕಳೆ ಬರುತ್ತದೆ.

ಕೆನ್ನೆಯ ಕೆಂಪನ್ನು ಅಡಿಬಣ್ಣ ಹಸಿಯಿರುವಾಗಲೇ ಸೇರಿಸಿ. ಒಣಗಿದ ಮೇಲೆ ಹಾಕಿದರೆ ದುಂಡನೆ ಬಿಲ್ಲೆಯಾಗುತ್ತದೆ. ತುಟಿಗೆ ಟೂತ್‌ಪಿಕ್ ತುದಿಗೆ ನಾಲ್ಕೆಳೆ ಹತ್ತಿ ಸುತ್ತಿ ರೋಸ್ ಮತ್ತು ಬರ್ಂಟ್ ಸಿಯೆನ್ನಾ. ಮೇಲ್ತುಟಿ ಯಾವಾಗಲೂ ಒಂದು ಗುಂಜಿ ಗಾಢ. ಕಣ್ಣಿನ ಬಿಳಿಗೆ ಏನೂ ಬೇಡ. ಕಣ್ಣುಗುಡ್ಡೆಗೆ ಬರ್ಂಟ್ ಸಿಯೆನ್ನಾಕ್ಕೆ ಹನಿ ಅಲ್ಟ್ರಾಮರೀನ್ ಬೆರೆಸಿ ಒಂದೇ ಒಂದು ಚುಕ್ಕೆ. ಕಣ್ಣೊಳಗಿನ ಬೆಳಕಿನ ಬಿಂದುವಿನ ಮೇಲೆ ಬಣ್ಣ ಹತ್ತಿದ್ದರೆ ಟರ್ಪೆಂಟೈನ್ ಅದ್ದಿದ ತುದಿಯಿಂದ ತೆಗೆಯಿರಿ. ಕಾಡಿಗೆ, ಕೂದಲು ಫೋಟೊದ ಕಪ್ಪಿನಲ್ಲೇ ಇರಲಿ.

ಸೀರೆಯ ಬಣ್ಣ ಯಾವುದೆಂದು ಬೂದುಬಣ್ಣ ನೋಡಿ ಹೇಳಲಾಗದು. ಆದರೆ ಯಾವುದು ಅಲ್ಲ ಎಂದು ಖಂಡಿತ ಹೇಳಬಹುದು. ಮನೆಯಲ್ಲಿರುವ ರೇಷ್ಮೆ ಸೀರೆಗಳನ್ನೋ ಚಿಕ್ಕಪೇಟೆಯಲ್ಲಿ ಸಿಗುವ ರವಿಕೆ ಕಣಗಳನ್ನೋ ಸಾಲಾಗಿ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಫೋಟೊ ತಿದ್ದುವ ತಂತ್ರಾಂಶ ಗಿಂಪ್‌ನ ಮೋನೊ ಮಿಕ್ಸರಿನಲ್ಲಿ ಕೆಂಪು 0, ಹಸಿರು 0.4, ನೀಲಿ 0.6 ಇಟ್ಟರೆ ಹತ್ತಿರಹತ್ತಿರ ಆರ್ಥೊ ಫಿಲ್ಮಿನ ಕಣ್ಣು ಸಿಗುತ್ತದೆ. ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಆ್ಯಪ್ ಇದ್ದರೆ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ನೀಲಿ ಫಿಲ್ಟರ್ ಹಾಕಿ ಅಂದಾಜು ಮಾಡಬಹುದು. ನಿಮ್ಮ ಫೋಟೊದ ಸೀರೆ ತೆಳು ಬೂದು ಇದ್ದರೆ ಕುಂಕುಮಗೆಂಪು, ಅರಿಶಿನ ಎರಡೂ ಪಟ್ಟಿಯಿಂದ ಹೊರಬೀಳುತ್ತವೆ. ಉಳಿಯುವುದು ಬಿಳಿ, ತಿಳಿನೀಲಿ, ತಿಳಿ ನೇರಳೆಯಂಥ ತೆಳು ಬಣ್ಣಗಳು. ಮೊಬೈಲಿನ ಎಐ ಆ್ಯಪ್‌ಗಳು ಇಲ್ಲೇ ಎಡವುವುದು ಹೆಚ್ಚು. ಅವು ಬೂದನ್ನು ಇವತ್ತಿನ ಕ್ಯಾಮೆರಾದ ಬೂದು ಎಂದೇ ಓದಿ, ಕೆಂಪು ಅಂಚಿಗೆ ಕಪ್ಪನ್ನೇ ಉಳಿಸಿಬಿಡುತ್ತವೆ.

ಹಳೆಯ ಕಾಲ ಎಂದಾಕ್ಷಣ ಮಾಸಲು ಬಣ್ಣವೇ ಆಗಬೇಕಿಲ್ಲ. ರಾಸಾಯನಿಕ ನೇರಳೆ ಬಣ್ಣ 1856ರಲ್ಲೇ ಬಂದಿತ್ತು, ಕೃತಕ ಇಂಡಿಗೊ ನೀಲಿ 1897ರ ಹೊತ್ತಿಗೆ ಮಾರುಕಟ್ಟೆಯಲ್ಲಿತ್ತು. ಕಣ್ಣು ಕುಕ್ಕುವ ನಿಯಾನ್ ಬಣ್ಣಗಳನ್ನು ಮಾತ್ರ ದೂರವಿಡಿ.

ಜರಿಗೆ ಇಂಡಿಯನ್ ಯೆಲ್ಲೊ ಜೊತೆ ಚೂರು ಬರ್ಂಟ್ ಸಿಯೆನ್ನಾ. ಅದೂ ಮಧ್ಯಮ ಬೂದಿನ ಮೇಲೆ ಮಾತ್ರ. ಹೊಳೆಯುವ ಚುಕ್ಕೆಗಳನ್ನು ಮುಟ್ಟಬೇಡಿ, ಚಿನ್ನ ಅನ್ನಿಸುವುದು ಅವುಗಳಿಂದಲೇ. ಚಿನ್ನದ ಪೇಂಟ್ ಹಾಕಿದಿರೋ ಕ್ಯಾಲೆಂಡರ್ ಆಯಿತು. ಹಿನ್ನೆಲೆಯನ್ನು ಬರಿದೇ ಬಿಟ್ಟರೆ ನಟಿಯನ್ನು ಕತ್ತರಿಸಿ ಅಂಟಿಸಿದಂತಿರುತ್ತದೆ. ಸೀರೆಯ ಬಣ್ಣಕ್ಕೆ ಬರ್ಂಟ್ ಸಿಯೆನ್ನಾ ಸೇರಿಸಿ ಕಂಡೂ ಕಾಣದಷ್ಟು ಉಜ್ಜಿ.

ಬೇಸಿಗೆಯಲ್ಲಿ ಇಷ್ಟು ತೆಳುವಾದ ಪದರ ಎರಡು ಮೂರು ದಿನದಲ್ಲಿ ಒಣಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಥಂಡಿಗೆ ವಾರವೂ ಹಿಡಿಯಬಹುದು. ಬೆರಳಿನ ಹಿಂಬದಿ ತಾಗಿಸಿದಾಗ ಇನ್ನೂ ಅಂಟುತ್ತಿದ್ದರೆ ಎರಡನೇ ಪದರ ಹಾಕಬೇಡಿ, ಅಡಿಯದು ಕಿತ್ತು ಬರುತ್ತದೆ. ರಸ್ತೆ ಬದಿಯ ಮನೆಯಾದರೆ ಧೂಳೇ ದೊಡ್ಡ ಶತ್ರು: ರಟ್ಟಿನ ಡಬ್ಬಿಯೊಳಗೆ, ಚಿತ್ರದ ಮುಖ ಕೆಳಗೆ ಮಾಡಿ, ನಾಲ್ಕು ಮೂಲೆಗೆ ಆನಿಕೆ ಕೊಟ್ಟು ಇಡಿ. ಕಿಟಕಿ ತೆರೆದು ಕೆಲಸ ಮಾಡಿ. ಅಗಸೆ ಎಣ್ಣೆ ಹತ್ತಿದ ಹತ್ತಿ-ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಮಧ್ಯೆ ಮೌಂಟ್ ಬೋರ್ಡ್ ಇಡಿಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಟಿಯ ಹೆಸರು, ಬಣ್ಣ ಹಾಕಿದ ವರ್ಷ, ‘ಬಣ್ಣಗಳು ಊಹೆ’ ಎಂದು ಬರೆದಿಡಿ, ಮುಂದೆ ಯಾರಾದರೂ ಇದನ್ನೇ ಆ ಸೀರೆಯ ದಾಖಲೆ ಎಂದುಕೊಳ್ಳದಿರಲಿ.