ಸಾಲಾಗಿ ಎಳೆದದ್ದೆಲ್ಲ ಸೀರೀಸ್ ಅಲ್ಲ

"ಎರಡು ಸಬ್‌ವೂಫರ್ ಸೀರೀಸ್‌ನಲ್ಲಿ ಹಾಕಿದೀನಿ, ಆದ್ರೂ ಆಂಪ್ ಕಟ್ ಆಗ್ತಾ ಇದೆ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಬ್‌ವೂಫರ್ ಅಂದರೆ ಬೇಸ್ ಸದ್ದಿನ ಸ್ಪೀಕರ್, ಆಂಪ್ ಅಂದರೆ ಅದನ್ನು ನುಡಿಸುವ ಆಂಪ್ಲಿಫೈಯರ್. ಕಳೆದ ವಾರ ಪರಿಚಯದ ಹುಡುಗನೊಬ್ಬ ಮತ್ತೆ ಇದನ್ನೇ ಹೇಳಿದ. ಕಾರಿನ ಡಿಕ್ಕಿ ತೆಗೆಸಿ ನೋಡಿದೆ. ಆಂಪ್‌ನಿಂದ ಹೊರಟ ಕೆಂಪು ವೈರ್ ಮೊದಲ ವೂಫರ್‌ನ ಪ್ಲಸ್‌ಗೆ ಬಂದಿತ್ತು. ಅಲ್ಲಿಂದ ಒಂದು ತುಂಡು ವೈರ್ ಎರಡನೇ ವೂಫರ್‌ನ ಪ್ಲಸ್‌ಗೆ ಹೋಗಿತ್ತು. ಕಪ್ಪು ವೈರೂ ಹಾಗೆಯೇ, ಮೈನಸ್‌ನಿಂದ ಮೈನಸ್‌ಗೆ. ವೈರ್ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಿದೆ, ಅಂದಮೇಲೆ ಸೀರೀಸ್ ಅಂತ ಅವನ ನಂಬಿಕೆ. ಅಲ್ಲ. ಅದು ಅಪ್ಪಟ ಪ್ಯಾರಲಲ್.

ತಪ್ಪು ಅವನೊಬ್ಬನದಲ್ಲ, ಪದಗಳದ್ದೂ ಇದೆ. ಸೀರೀಸ್‌ಗೆ ಶಾಲೆಯಲ್ಲಿ ನಾವು ಓದಿದ್ದು ಸರಣಿ ಜೋಡಣೆ, ಪ್ಯಾರಲಲ್‌ಗೆ ಸಮಾಂತರ ಜೋಡಣೆ. ಸರಣಿ ಅಂದ ಕೂಡಲೇ ತಲೆಗೆ ಬರುವುದು ಸಾಲು. ಲೇಖನ ಸರಣಿ, ಕ್ರಿಕೆಟ್ ಸರಣಿ, ಒಂದಾದ ಮೇಲೆ ಒಂದು. ಆದರೆ ಸಂಸ್ಕೃತದಲ್ಲಿ ಸರಣಿ ಅಂದರೆ ದಾರಿ ಅನ್ನುವ ಅರ್ಥವೂ ಇದೆ. ಹರಿ, ಚಲಿಸು ಎನ್ನುವ 'ಸೃ' ಧಾತುವಿನಿಂದ ಬಂದ ಪದ ಅದು. ನದಿಗೆ ಹೇಳುವ 'ಸರಿತ್' ಕೂಡ ಅದೇ ಧಾತುವಿನದು. ನನಗೆ ಈ ಅರ್ಥ ತುಂಬ ಇಷ್ಟ, ಯಾಕಂದರೆ ಇಲ್ಲಿ ಬೇಕಾದದ್ದು ಅದೇ. ಕರೆಂಟ್ ಹರಿಯಲು ಒಂದೇ ದಾರಿ ಇದ್ದರೆ ಸರಣಿ. ಸಾಲು ಅಂತ ಅರ್ಥ ಮಾಡಿಕೊಂಡರೆ ಕೆಡುತ್ತದೆ, ದಾರಿ ಅಂತ ಮಾಡಿಕೊಂಡರೆ ಎಂದೂ ಕೆಡುವುದಿಲ್ಲ.

ಸಮಾಂತರದ ಕಥೆ ಇನ್ನೂ ಕಷ್ಟ. ಸಮ ಮತ್ತು ಅಂತರ, ಅಂದರೆ ರೈಲು ಹಳಿಯ ಹಾಗೆ ಉದ್ದಕ್ಕೂ ಒಂದೇ ಅಂತರ. ಪ್ಯಾರಲಲ್ ಎಂಬ ಪದದ ಗ್ರೀಕ್ ಮೂಲಕ್ಕೂ 'ಒಂದರ ಪಕ್ಕ ಒಂದು' ಅನ್ನುವ ಅರ್ಥವೇ. ರೇಖಾಗಣಿತಕ್ಕೆ ಸರಿ. ವೈರಿಂಗ್‌ನಲ್ಲಿ ಅಂತರಕ್ಕೆ ಏನೂ ಕೆಲಸವಿಲ್ಲ. ಎರಡು ವೂಫರ್ ಒಂದೇ ಬಾಕ್ಸ್‌ನಲ್ಲಿ ಪಕ್ಕಪಕ್ಕ ಕೂತಿದ್ದರೂ ಸೀರೀಸ್ ಆಗಿರಬಹುದು. ಒಂದು ಕೋಣೆಯ ಆ ಮೂಲೆಗೆ, ಇನ್ನೊಂದು ಈ ಮೂಲೆಗೆ ಇದ್ದರೂ ಪ್ಯಾರಲಲ್ ಆಗಿರಬಹುದು.

ಹಾಗಾದರೆ ಗೊತ್ತಾಗುವುದು ಹೇಗೆ? ಆಂಪ್‌ನ ಪ್ಲಸ್ ಮೇಲೆ ಬೆರಳಿಟ್ಟು ವೈರ್ ಹಿಡಿದು ಹೊರಡಿ. ಮೈನಸ್ ಮುಟ್ಟಬೇಕಾದರೆ ಎರಡೂ ವೂಫರ್‌ನ ಕಾಯಿಲ್ (ಒಳಗಿನ ತಂತಿ ಸುರುಳಿ) ದಾಟಲೇಬೇಕಾ? ಅದು ಸೀರೀಸ್. ಯಾವುದಾದರೂ ಒಂದನ್ನು ದಾಟಿದರೆ ಸಾಕಾ? ಅದು ಪ್ಯಾರಲಲ್.

ದೀಪಾವಳಿಗೆ ಕಟ್ಟುವ ಹಳೇ ಸೀರಿಯಲ್ ಸೆಟ್ ನೆನಪಿದೆ ಅಲ್ವಾ? ಒಂದು ಬಲ್ಬ್ ಹೋದರೆ ಇಡೀ ಸಾಲೇ ಆರಿಹೋಗುತ್ತಿತ್ತು. ದಾರಿ ಒಂದೇ, ಅದು ತುಂಡಾಯಿತು. ಅದಕ್ಕೆ ಆ ಹೆಸರು ನ್ಯಾಯವಾಗಿ ಬಂದಿದೆ. ಈಗ ಮನೆಯ ಎಕ್ಸ್‌ಟೆನ್ಷನ್ ಬಾಕ್ಸ್ ನೋಡಿ. ಅದರೊಳಗೂ ಒಂದು ಸಾಕೆಟ್‌ನಿಂದ ಇನ್ನೊಂದಕ್ಕೆ ಸಾಲಾಗಿಯೇ ಸಂಪರ್ಕ ಹೋಗಿರುತ್ತದೆ. ಆದರೂ ಮೊದಲನೇ ಸಾಕೆಟ್‌ನಿಂದ ಚಾರ್ಜರ್ ಕಿತ್ತರೆ ಎರಡನೆಯದು ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಇದನ್ನು ಲೂಪ್ ಮಾಡುವುದು ಅನ್ನುತ್ತಾರೆ. ಒಳ್ಳೆಯ ಪದ. ಹುಡುಗ ಮಾಡಿದ್ದೂ ಲೂಪೇ. ಹಾಗಂತಲೇ ಹೇಳಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಹೆಸರು ತಪ್ಪಿದರೆ ಏನಾಯಿತು ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಓಮ್ ಅಂದರೆ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ. ಅವನದು ಎರಡೂ 4 ಓಮ್‌ನ, ಒಂದೇ ಕಾಯಿಲ್‌ನ ವೂಫರ್. ಸೀರೀಸ್ ಆದರೆ ಕೂಡಿ 8 ಓಮ್, ಪ್ಯಾರಲಲ್ ಆದರೆ ಅರ್ಧಕ್ಕೆ ಇಳಿದು 2 ಓಮ್. ಆಂಪ್ ಎರಡು ಚಾನೆಲ್‌ನದು, ಬ್ರಿಜ್ ಮಾಡಿದ್ದ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದೇ ಔಟ್‌ಪುಟ್ ಮಾಡಿದ್ದ. ಬ್ರಿಜ್‌ನಲ್ಲಿ 4 ಓಮ್‌ಗಿಂತ ಕೆಳಗೆ ಇಳಿಯಬಾರದು ಅಂತ ಆಂಪ್ ಮೇಲೆಯೇ ಅಚ್ಚಾಗಿತ್ತು. ತನ್ನದು 8 ಅಂದುಕೊಂಡು ಇವನು ನಿಶ್ಚಿಂತೆಯಿಂದಿದ್ದ. ಕೊಟ್ಟಿದ್ದು 2. ಬ್ರಿಜ್ ಮಾಡಿದಾಗ ಒಂದೊಂದು ಚಾನೆಲ್‌ಗೂ ಕಾಣುವುದು ಅದರ ಅರ್ಧ, ಅಂದರೆ 1 ಓಮ್. 20 ವೋಲ್ಟ್ ಬರುತ್ತಿದ್ದರೆ 8 ಓಮ್ ಎಳೆಯುವುದು 2.5 ಆಂಪಿಯರ್, 2 ಓಮ್ ಎಳೆಯುವುದು 10. ನಾಲ್ಕು ಪಟ್ಟು ಕರೆಂಟ್! ಕೈ ಇಡಲಾಗದಷ್ಟು ಬಿಸಿಯಾಗಿ, ಪ್ರೊಟೆಕ್ಟ್ ಲೈಟ್ ಕೆಂಪಗೆ ಹತ್ತಿಕೊಂಡು ಆಂಪ್ ತನ್ನ ಪ್ರಾಣ ಉಳಿಸಿಕೊಳ್ಳುತ್ತಿತ್ತು.

"ಪ್ಯಾರಲಲ್ ಹಾಕಿದ್ರೆ ಬೇಸ್ ಜಾಸ್ತಿ" ಅನ್ನುವ ಇನ್ನೊಂದು ಮಾತಿದೆ. ಅಷ್ಟು ಕರೆಂಟ್ ಕೊಡುವ ತಾಕತ್ತು ಆಂಪ್‌ಗೆ ಇದ್ದರೆ ಮಾತ್ರ ಅದು ನಿಜ.

ಇವನ ಆಂಪ್‌ಗೆ ಸರಿಯಾಗಿ ಒಪ್ಪುತ್ತಿದ್ದದ್ದು 4 ಓಮ್. ಆದರೆ ಇವನ ಹತ್ತಿರ ಇರುವ ವೂಫರ್‌ಗಳಲ್ಲಿ ಹೇಗೇ ಜೋಡಿಸಿದರೂ 4 ಬರುವುದಿಲ್ಲ, ಒಂದೋ 2, ಇಲ್ಲ 8. ಕೊಳ್ಳುವ ಮೊದಲೇ ಯೋಚಿಸಬೇಕಾದ ವಿಷಯ ಇದು. ಎರಡೆರಡು 4 ಓಮ್ ಕಾಯಿಲ್ ಇರುವ ಡ್ಯುಯಲ್ ವಾಯ್ಸ್ ಕಾಯಿಲ್ ವೂಫರ್ ಎರಡು ತಂದಿದ್ದರೆ, ಒಂದೊಂದರ ಕಾಯಿಲ್‌ಗಳನ್ನು ಸೀರೀಸ್ ಮಾಡಿ 8, ಆ ಎರಡು 8ನ್ನು ಪ್ಯಾರಲಲ್ ಮಾಡಿ 4. ಅದೇ ವೂಫರ್ 2 ಓಮ್ ಕಾಯಿಲ್‌ನದ್ದಾದರೆ ಬರುವುದು ಅರ್ಧ ಓಮ್, 2 ಓಮ್ ಅಥವಾ 8 ಓಮ್. ಅಲ್ಲೂ 4 ಇಲ್ಲ.

ಬೇರೆ ದಾರಿ ಇರಲಿಲ್ಲ, ನಿಜವಾದ ಸೀರೀಸ್ ಮಾಡಿದೆವು. ಆಂಪ್‌ನಿಂದ ವೈರ್ ಬಿಡಿಸಿ ಮೊದಲು ಓಮ್ ಅಳೆಯಲು ಮಲ್ಟಿಮೀಟರ್ ಹಿಡಿದಾಗ 1.8 ತೋರಿಸಿತು. ಕಾಯಿಲ್‌ನ ಬರೀ ತಂತಿಯ ಓಮ್ ಸಾಮಾನ್ಯವಾಗಿ ಲೇಬಲ್‌ಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಹಾಗಾಗಿ ಇದು 2 ಓಮ್ ಜೋಡಣೆ. ಲೂಪ್ ವೈರ್ ಎರಡನ್ನೂ ಕಿತ್ತೆವು. ಆಂಪ್‌ನ ಕೆಂಪು ಮೊದಲನೆಯದರ ಪ್ಲಸ್‌ಗೆ, ಅದರ ಮೈನಸ್ ಎರಡನೆಯದರ ಪ್ಲಸ್‌ಗೆ, ಎರಡನೆಯದರ ಮೈನಸ್ ಆಂಪ್‌ನ ಕಪ್ಪಿಗೆ. ಮೀಟರ್ 7.1ಕ್ಕೆ ಏರಿತು.

ಅರ್ಧ ಗಂಟೆ ಹಾಡು ಹಾಕಿದೆವು. ಕೆಂಪು ಲೈಟ್ ಹತ್ತಲಿಲ್ಲ. "ಬೇಸ್ ಒಂಚೂರು ಕಮ್ಮಿ ಆಯ್ತು ಅಣ್ಣಾ" ಅಂದ. ಆಗಲೇಬೇಕು. ಸೀರೀಸ್ ಅಂದರೆ ಇದೇ ಅಂತ ಹೇಳಿದೆ.